ಚಳಿಗಾಲದ ರಾತ್ರಿ ಕರೆಂಟ್ ಹೋದರೆ: ಬಾಣಂತಿ ಕೋಣೆಗೆ ಕೆಂಡ ಬೇಡ

ಪ್ರಶ್ನೆ: ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಸ್ವಂತ ಮನೆ. ಕಳೆದ ಡಿಸೆಂಬರ್‌ನಲ್ಲಿ ಜಿಟಿಜಿಟಿ ಮಳೆ ಹಿಡಿದಿದ್ದಾಗ ಒಂದು ದಿನ ರಾತ್ರಿ 8ಕ್ಕೆ ಹೋದ ಕರೆಂಟ್ ಬಂದದ್ದು ಬೆಳಗಿನ ಜಾವ 5ಕ್ಕೆ. ಇನ್ವರ್ಟರ್ ಇದೆ, 150 ಎಎಚ್ ಬ್ಯಾಟರಿ, ನಾಲ್ಕು ವರ್ಷ ಹಳೆಯದು. ಎರಡೂವರೆ ಗಂಟೆಗೇ ಕೈ ಕೊಟ್ಟಿತು. ಈ ಸಲ ಡಿಸೆಂಬರ್ ಮೊದಲ ವಾರ ಮಗಳ ಹೆರಿಗೆ, ಬಾಣಂತನ ನಮ್ಮಲ್ಲೇ. ಅತ್ತೆಗೆ 79 ವರ್ಷ, ಸಕ್ಕರೆ ಕಾಯಿಲೆ, ಇನ್ಸುಲಿನ್ ಫ್ರಿಜ್‌ನಲ್ಲಿ ಇಡುತ್ತೇವೆ. ಕರೆಂಟ್ ಹೋದರೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ಬಾಗಿಲು ಮುಚ್ಚಿದರೆ ಕೋಣೆ ಬೆಚ್ಚಗಿರುತ್ತೆ ಅಂತಾರೆ ಅತ್ತೆ. ಸೋಲಾರ್ ನೀರು ಮೋಡ ಕವಿದರೆ ಬಿಸಿ ಆಗಲ್ಲ, ಗ್ಯಾಸ್ ಗೀಸರ್ ಹಾಕಿಸೋಣ, ಇನ್ನೊಂದು ಬ್ಯಾಟರಿಯನ್ನೂ ತರೋಣ ಅಂತಾರೆ ನಮ್ಮ ಮನೆಯವರು. ಏನು ಮಾಡಲಿ?

ಉತ್ತರ: ಅಮ್ಮಾ, ಕೆಂಡದ ಮಾತು ಮೊದಲು. ಉಳಿದದ್ದನ್ನು ಆಮೇಲೆ ನಿಧಾನವಾಗಿ ನೋಡೋಣ. ಮಗಳು ಮಲಗುವ ಕೋಣೆಯಲ್ಲಿ ಕೆಂಡ ಇಡಬೇಡಿ. ಒಂದು ಗಂಟೆಗೂ ಬೇಡ. ಕಿಟಕಿ ಸ್ವಲ್ಪ ತೆರೆದಿಟ್ಟೂ ಬೇಡ.

ನಾನು ಮನೆಗಳಿಗೆ ವೈರಿಂಗ್, ಇನ್ವರ್ಟರ್ ಕೆಲಸ ಮಾಡಿಸುತ್ತ ಮೂವತ್ತು ವರ್ಷ ಕಳೆದವನು. ಕರೆಂಟಿನ ವಿಷಯ ಕೇಳಿದರೆ ಕೆಂಡದಿಂದ ಯಾಕೆ ಶುರು ಮಾಡ್ತಿದ್ದಾನೆ ಅಂತ ಅನಿಸಬಹುದು. ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ನಾನಾಗ ಹೈಸ್ಕೂಲು. ಅಕ್ಕನ ಬಾಣಂತನ ಜನವರಿಯಲ್ಲಿ ಬಂತು. ಹೊಸದಾಗಿ ಕಟ್ಟಿದ ಆರ್‌ಸಿಸಿ ಮನೆಗೆ ಬಾಡಿಗೆಗೆ ಬಂದು ಆರು ತಿಂಗಳಾಗಿತ್ತು. ಒಂದು ರಾತ್ರಿ ಕರೆಂಟ್ ಇರಲಿಲ್ಲ, ಚಳಿ ಜಾಸ್ತಿ ಇತ್ತು. ಅಮ್ಮ ಹಿತ್ತಲಲ್ಲಿ ಇದ್ದಿಲು ಹೊತ್ತಿಸಿದಳು. ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಅಂದ ಮೇಲೇ ಅಗ್ಗಿಷ್ಟಿಕೆಯನ್ನು ಕೋಣೆಗೆ ತಂದು ಮಂಚದ ಪಕ್ಕ ಇಟ್ಟಳು. ಗಾಳಿ ಬರದಿರಲಿ ಅಂತ ಬಾಗಿಲ ಸಂದಿಗೆ ಹಳೆ ಸೀರೆ ಒತ್ತಿದಳು. ಬೆಳಗ್ಗೆ ಐದಕ್ಕೆ ಮಗುವಿಗೆ ನೀರು ಹಾಕಲು ಎಬ್ಬಿಸಲು ಹೋದರೆ ಅಕ್ಕನಿಗೆ ತಲೆ ಎತ್ತಲು ಆಗುತ್ತಿಲ್ಲ. ಮಗು ಅಳುತ್ತಿಲ್ಲ. ಪಕ್ಕದ ಮನೆಯವರು ಇಬ್ಬರನ್ನೂ ಎತ್ತಿಕೊಂಡು ಜಗಲಿಗೆ ತಂದು ಮಲಗಿಸಿದರು, ಅಲ್ಲಿಂದ ಆಸ್ಪತ್ರೆಗೆ ಹೋದದ್ದಾಯಿತು. ದೇವರು ದೊಡ್ಡವನು, ಇಬ್ಬರೂ ಉಳಿದರು. ಅಕ್ಕ ಈಗಲೂ ಹೇಳುತ್ತಾಳೆ: "ತಲೆ ಮೇಲೆ ಒರಳುಕಲ್ಲು ಇಟ್ಟ ಹಾಗಿತ್ತು ಕಣೋ. ಎದ್ದು ಬಾಗಿಲು ತೆಗೀಬೇಕು ಅಂತ ಗೊತ್ತಿತ್ತು. ಕಾಲು ಬರ್ತಿರಲಿಲ್ಲ."

ಆ ಕೋಣೆಯಲ್ಲಿ ತುಂಬಿದ್ದದ್ದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ. ಹೊಗೆ ನಿಂತ ಕೆಂಡ ಒಳ್ಳೆಯದು ಅಂತ ನಾವೆಲ್ಲ ನಂಬಿದ್ದೇವೆ. ಹೊಗೆ ನಿಂತ ಮೇಲೂ ಈ ಅನಿಲ ಬರುತ್ತಲೇ ಇರುತ್ತದೆ. ಹೊಗೆ ಇದ್ದರೆ ಕೆಮ್ಮಾದರೂ ಬಂದು ಎಚ್ಚರ ಆಗುತ್ತೆ, ಕೆಂಡಕ್ಕೆ ಆ ಸೂಚನೆಯೂ ಇಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಹಸುಗೂಸು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತದೆ, ಅದಕ್ಕೆ ಅಪಾಯ ಇನ್ನೂ ಜಾಸ್ತಿ.

ನಿಮ್ಮ ಅತ್ತೆಯವರು ಸುಮ್ನೆ ಹೇಳುತ್ತಿಲ್ಲ. ಅವರು ಬಾಣಂತನ ಕಂಡ ಮನೆ ಹೆಂಚಿನದ್ದಾಗಿರಬಹುದು. ಹೆಂಚಿನ ಸಂದಿ, ಗೋಡೆಗೂ ಮಾಡಿಗೂ ನಡುವಿನ ಜಾಗ, ಮೇಲೊಂದು ಬೆಳಕಿಂಡಿ. ಬಚ್ಚಲಲ್ಲಿ ಹಂಡೆಯ ಕೆಳಗೆ ಸೌದೆ ಉರಿದರೂ ಹೊಗೆ ಹೋಗಲು ದಾರಿ ಇರುತ್ತಿತ್ತು. ಈಗಿನ ನಮ್ಮ ಮನೆಗಳಿಗೆ ಕಾಂಕ್ರೀಟ್ ಸೂರು, ರಬ್ಬರ್ ಅಂಚಿನ ಜಾರುವ ಕಿಟಕಿ, ಸಂದಿಯೇ ಇಲ್ಲದ ಬಾಗಿಲು. ಕೆಂಡ ಅದೇ, ಮನೆ ಬೇರೆ. ಅವರಿಗೆ ಹೀಗೇ ಹೇಳಿ ನೋಡಿ. "ನಿಮ್ಮದು ತಪ್ಪು" ಅನ್ನುವುದಕ್ಕಿಂತ "ಈ ಮನೆಗೆ ಬೆಳಕಿಂಡಿ ಇಲ್ಲ ಅತ್ತೆ" ಅಂದರೆ ಅವರಿಗೂ ಒಪ್ಪಿಗೆಯಾಗುತ್ತದೆ. ನಮ್ಮಜ್ಜಿ ಒಪ್ಪಿದ್ದು ಇದೇ ಮಾತಿಗೆ. ಸಾಂಬ್ರಾಣಿ, ಸೊಳ್ಳೆ ಕಾಯಿಲ್, ಮೇಣದ ಬತ್ತಿ ಕೂಡ ಆ ಕೋಣೆಗೆ ಬೇಡ. ಮಗುವಿಗೆ ಸೊಳ್ಳೆಪರದೆ ಕಟ್ಟಿರುತ್ತೀರಿ, ಅದರ ಪಕ್ಕ ಮೇಣದ ಬತ್ತಿ ಇಟ್ಟರೆ ಏನಾಗಬಹುದು ಅಂತ ನಿಮಗೇ ಗೊತ್ತು.

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ, ಹೊರಗೆ ಹೋದ ಕೂಡಲೇ ಕಡಿಮೆಯಾದರೆ, ಅದನ್ನು ಶೀತ ಅಂದುಕೊಳ್ಳಬೇಡಿ. ಎಲ್ಲರೂ ಮನೆಯಿಂದ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ.

ಹಾಗಾದರೆ ಚಳಿಗೆ ಏನು ಗತಿ? ಬೆಂಗಳೂರಿನ ಚಳಿ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕೋಣ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಹೊರಗೆ ಸಾಮಾನ್ಯವಾಗಿ 15–16 ಡಿಗ್ರಿ ಆಸುಪಾಸು ಇರುತ್ತದೆ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಗಲೆಲ್ಲ ಕಾದ ಗೋಡೆ ರಾತ್ರಿ ನಿಧಾನವಾಗಿ ತಣ್ಣಗಾಗುತ್ತದೆ, ಮನೆಯೊಳಗೆ ಹೊರಗಿಗಿಂತ ಬೆಚ್ಚಗೇ ಇರುತ್ತದೆ. ಕರೆಂಟ್ ಇದ್ದಾಗಲೂ ನಮ್ಮಲ್ಲಿ ಹೀಟರ್ ಹಾಕುವ ಮನೆ ಕಡಿಮೆ ಅಲ್ವಾ? ಅಂದರೆ ಕರೆಂಟ್ ಹೋದದ್ದರಿಂದ ಮನೆ ಜಾಸ್ತಿ ತಣ್ಣಗಾಗುವುದಿಲ್ಲ. ಕತ್ತಲು, ಬಿಸಿನೀರಿಲ್ಲ ಅನ್ನುವ ಗಾಬರಿ ಸೇರಿ ಚಳಿ ಹೆಚ್ಚಾದ ಹಾಗೆ ಕಾಣುತ್ತದೆ. ಹೊದಿಕೆ ಸರಿ ಇದ್ದರೆ ಆ ರಾತ್ರಿ ಕಳೆಯಬಹುದು.

ಮಗಳು ಮತ್ತು ಮಗುವಿಗೆ ಮನೆಯ ಮಧ್ಯದ ಕೋಣೆ ಕೊಡಿ. ಹೊರಗೋಡೆ ಕಡಿಮೆ ಇರುವ, ಮಧ್ಯಾಹ್ನದ ಬಿಸಿಲು ಬೀಳುವ ಕೋಣೆಯಾದರೆ ಇನ್ನೂ ಒಳ್ಳೆಯದು. ಸಂಜೆ ನಾಲ್ಕಕ್ಕೇ ಕಿಟಕಿ ಹಾಕಿ ದಪ್ಪ ಪರದೆ ಎಳೆಯಿರಿ. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ. ಮಗುವಿಗೆ ಕುಲಾವಿ, ಕಾಲುಚೀಲ, ಒಂದರ ಮೇಲೊಂದು ಹತ್ತಿ ಬಟ್ಟೆ. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಹೀಟರ್ ಅಮ್ಮನ ಮೈ. ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಗುವನ್ನು ಒರಗಿಸಿಕೊಂಡು ಮೇಲೆ ಶಾಲು ಹೊದ್ದುಕೊಳ್ಳುವುದಕ್ಕೆ ಆಸ್ಪತ್ರೆಗಳಲ್ಲಿ ಕಾಂಗರೂ ಆರೈಕೆ ಅಂತಾರೆ. ಡಿಸ್ಚಾರ್ಜ್ ಆಗುವ ಮೊದಲೇ ನರ್ಸ್ ಹತ್ತಿರ ಕೇಳಿ ಕಲಿತುಕೊಳ್ಳಲಿ. ಹಾಗೆ ಮಗುವನ್ನು ಎತ್ತಿಕೊಂಡಿರುವಾಗ ಮಗಳು ಎಚ್ಚರ ಇರಬೇಕು, ಅವಳಿಗೆ ನಿದ್ದೆ ಎಳೆದರೆ ನೀವು ಎತ್ತಿಕೊಳ್ಳಿ. ಬಿಸಿನೀರಿನ ರಬ್ಬರ್ ಚೀಲವನ್ನು ಮಗುವಿನ ಹತ್ತಿರ ಇಡಬೇಡಿ.

ಅತ್ತೆಯವರಿಗೆ ಆ ಚೀಲ ಕೊಡಬಹುದು, ಆದರೆ ಜೋಪಾನ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ. ಕುದಿಯುವ ನೀರು ತುಂಬದೆ, ಟವೆಲ್ ಸುತ್ತಿ, ಮಲಗುವ ಮೊದಲು ಹಾಸಿಗೆ ಬೆಚ್ಚಗೆ ಮಾಡಿ ತೆಗೆದುಬಿಡಿ. ಕಾಲಿಗೆ ಉಲ್ಲನ್ ಸಾಕ್ಸ್, ತಲೆಗೆ ಟೋಪಿ, ಎರಡು ತೆಳು ರಗ್ಗು. ಒಂದು ದಪ್ಪ ರಗ್ಗಿಗಿಂತ ಎರಡು ತೆಳುವಾದವು ಬೆಚ್ಚಗೆ, ನಡುವೆ ಗಾಳಿ ನಿಲ್ಲುತ್ತದಲ್ಲ. ರಾತ್ರಿ ಬಚ್ಚಲಿಗೆ ಏಳುವ ದಾರಿಯಲ್ಲಿ ಒಂದು ದೀಪ ಇರಲೇಬೇಕು. ವಯಸ್ಸಾದವರಿಗೆ ಕರೆಂಟ್ ಹೋದ ರಾತ್ರಿ ಚಳಿಗಿಂತ ಕತ್ತಲಲ್ಲಿ ಜಾರಿ ಬೀಳುವುದೇ ದೊಡ್ಡ ಭಯ.

ಇನ್ನು ಗ್ಯಾಸ್ ಗೀಸರ್. ಇಲ್ಲಿಯೂ ಅದೇ ಅನಿಲ, ಅದೇ ಮುಚ್ಚಿದ ಬಾಗಿಲು. ಸ್ನಾನದ ಮನೆ ಚಿಕ್ಕದು, ಚಳಿ ಅಂತ ವೆಂಟಿಲೇಟರ್‌ಗೆ ಪೇಪರ್ ಅಂಟಿಸಿರುತ್ತಾರೆ, ಒಳಗೆ ಬರ್ನರ್ ಉರಿಯುತ್ತಿರುತ್ತದೆ. ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬೆಂಗಳೂರಿನಲ್ಲಿ ಸ್ನಾನಕ್ಕೆ ಹೋದವರು ಹೀಗೆ ಹೊರಗೆ ಬಾರದೇ ಹೋದ ಸುದ್ದಿ ನೀವೂ ಓದಿರುತ್ತೀರಿ. ಬಾಣಂತಿ, ಮಗು, ವಯಸ್ಸಾದವರು ಇರುವ ಮನೆಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಈ ಮಾತು ಓದುವವರಲ್ಲಿ ಯಾರ ಮನೆಯಲ್ಲಾದರೂ ಈಗಾಗಲೇ ಇದ್ದರೆ, ಅದನ್ನು ಸ್ನಾನದ ಮನೆಯಿಂದ ಹೊರಗೆ, ಗಾಳಿಯಾಡುವ ಯುಟಿಲಿಟಿ ಜಾಗದ ಗೋಡೆಗೆ ಹಾಕಿಸಿ ಪೈಪ್ ಮಾತ್ರ ಒಳಗೆ ತನ್ನಿ.

ನಿಮ್ಮ ಮನೆಗೆ ಅಡುಗೆಮನೆಯ ಒಲೆಯೇ ಸಾಕು. ದೊಡ್ಡ ದಬರಿಯಲ್ಲಿ 5 ಲೀಟರ್ ನೀರು ಕುದಿಸಿ, ಅದಕ್ಕೆ 12 ಲೀಟರ್ ತಣ್ಣೀರು ಸೇರಿಸಿದರೆ 17 ಲೀಟರ್ ಆಗುತ್ತದೆ, ಸುಮಾರು 43 ಡಿಗ್ರಿ. ದೊಡ್ಡವರೊಬ್ಬರ ಸ್ನಾನಕ್ಕೆ ಹದವಾದ ಬಿಸಿ. ಮಗುವಿಗೆ ಇಷ್ಟು ಬಿಸಿ ಬೇಡ, ನಿಮ್ಮ ಮೊಣಕೈ ಅದ್ದಿದರೆ ಉಗುರು ಬೆಚ್ಚಗೆ ಅನಿಸಬೇಕು. ಬಕೆಟ್‌ಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕತ್ತಲಲ್ಲಿ ಈ ಅಭ್ಯಾಸ ಕೈ ಕಾಪಾಡುತ್ತದೆ. ಒಲೆ ಉರಿಯುವಾಗ ಅಡುಗೆಮನೆ ಕಿಟಕಿ ತೆಗೆದಿರಲಿ, ಕರೆಂಟ್ ಇಲ್ಲದಾಗ ಚಿಮಣಿಯೂ ಎಕ್ಸಾಸ್ಟ್ ಫ್ಯಾನೂ ನಿಂತಿರುತ್ತವೆ. ಬೆಚ್ಚಗಾಗಲಿ ಅಂತ ಒಲೆ ಉರಿಸಿಕೊಂಡು ಕೂರಬೇಡಿ. ಸೋಲಾರ್ ಟ್ಯಾಂಕಿನ ನೀರು ಬರಲು ಕರೆಂಟ್ ಬೇಕಿಲ್ಲ. ಮೋಡದ ದಿನ ನೀರು ಕಾಯಿಸಲು ಅದರಲ್ಲಿರುವ ಕರೆಂಟಿನ ಕಾಯಿಲ್‌ಗೆ ಮಾತ್ರ ಬೇಕು. ಮೋಡ ಇದ್ದ ದಿನವೂ ನೀರು ಸ್ವಲ್ಪವಾದರೂ ಬೆಚ್ಚಗಿರುತ್ತದೆ, ಅದನ್ನೇ ದಬರಿಗೆ ಹಿಡಿದು ಕಾಯಿಸಿದರೆ ಗ್ಯಾಸ್ ಉಳಿಯುತ್ತೆ.

ಈಗ ಇನ್ವರ್ಟರ್. ಇದು ನನ್ನ ಕಸುಬು, ಸ್ವಲ್ಪ ಉದ್ದ ಆಗುತ್ತೆ. ಪೆನ್ನು ಹಿಡಿದು ಕೂತುಕೊಳ್ಳಿ.

ನಿಮ್ಮ ಬ್ಯಾಟರಿ 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್). ಎರಡನ್ನೂ ಗುಣಿಸಿದರೆ 1800. ಇದು ವ್ಯಾಟ್-ಅವರ್ ಲೆಕ್ಕ, ಬ್ಯಾಟರಿಯ ಹೊಟ್ಟೆಯಲ್ಲಿರುವ ಒಟ್ಟು ಸರಕು ಅಂತ ಇಟ್ಟುಕೊಳ್ಳಿ. ಇನ್ವರ್ಟರ್ ಅದನ್ನು 230 ವೋಲ್ಟ್‌ಗೆ ಬದಲಿಸುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಯನ್ನು ತಳದವರೆಗೆ ಖಾಲಿ ಮಾಡಬಾರದು, ಅಲ್ಲೂ ಸ್ವಲ್ಪ ಉಳಿಯಬೇಕು. ಹೊಸ ಬ್ಯಾಟರಿಯಾದರೂ ಕೈಗೆ ಸಿಗುವುದು 1100–1150 ಅಂತ ಹಿಡಿಯಿರಿ. ನಾಲ್ಕು ವರ್ಷದ್ದಾದರೆ ಇನ್ನೂ ಕಡಿಮೆ. ಚಳಿಗೆ ಬ್ಯಾಟರಿಯ ಶಕ್ತಿಯೂ ಸ್ವಲ್ಪ ಇಳಿಯುತ್ತದೆ.

ಆ ರಾತ್ರಿ ಏನೇನು ಓಡುತ್ತಿತ್ತು ಅಂತ ನೀವು ಬರೆದಿಲ್ಲ. ನಾನು ನೋಡಿದ ಬಹಳ ಮನೆಗಳ ಹಾಗೇ ಇದ್ದರೆ ಫ್ರಿಜ್ 150 ವ್ಯಾಟ್, ಟಿವಿ 80, ಸೊಳ್ಳೆ ಅಂತ ಹಾಕಿದ ಎರಡು ಫ್ಯಾನ್ 150, ಹಳೆಯ ಟ್ಯೂಬ್‌ಲೈಟ್ ನಾಲ್ಕು 160. ಒಟ್ಟು 540. ಫ್ರಿಜ್ ನಡುನಡುವೆ ನಿಲ್ಲುವುದರಿಂದ ಸರಾಸರಿ 450 ಅನ್ನೋಣ. ಹೊಸ ಬ್ಯಾಟರಿಯ 1150ನ್ನೇ 450ರಿಂದ ಭಾಗಿಸಿ. ಎರಡೂವರೆ ಗಂಟೆ! ನಿಮ್ಮ ಇನ್ವರ್ಟರ್ ಕೈ ಕೊಟ್ಟಿಲ್ಲ, ಹೊತ್ತಷ್ಟು ಹೊತ್ತು ಸುಸ್ತಾಗಿದೆ.

ಅದೇ ಬ್ಯಾಟರಿಗೆ ನಾಲ್ಕು 9 ವ್ಯಾಟ್ ಎಲ್‌ಇಡಿ ಬಲ್ಬ್, ವೈಫೈ ರೌಟರ್, ಒಂದು ಫೋನ್ ಚಾರ್ಜರ್ ಮಾತ್ರ ಕೊಡಿ. ಸುಮಾರು 60 ವ್ಯಾಟ್. ಇನ್ವರ್ಟರ್ ತಾನೇ ತಿನ್ನುವ 20 ಸೇರಿಸಿದರೆ 80. ಈಗ ಭಾಗಿಸಿ ನೋಡಿ, 14 ಗಂಟೆ ಬರುತ್ತದೆ. ರಾತ್ರಿ 8ರಿಂದ ಬೆಳಗಿನ 5ರವರೆಗೆ 9 ಗಂಟೆ. ಹಳೆಯ ಬ್ಯಾಟರಿಯೂ ಎಳೆಯಬಲ್ಲದು. ಇನ್ನೊಂದು ಗುಟ್ಟಿದೆ. ಬ್ಯಾಟರಿ ಮೇಲೆ ಬರೆದ 150 ಎಎಚ್ ಅನ್ನುವುದು 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಲೆಕ್ಕ, ಸಿ20 ಅಂತ ಅದರ ಮೇಲೇ ಬರೆದಿರುತ್ತದೆ. ಬೇಗ ಹೀರಿದರೆ ಅಷ್ಟು ಸಿಗುವುದಿಲ್ಲ. ಕಬ್ಬಿನ ಗಾಣದ ಹಾಗೆ, ನಿಧಾನಕ್ಕೆ ತಿರುಗಿಸಿದರೆ ರಸ ಜಾಸ್ತಿ.

ಆದ್ದರಿಂದ ಇನ್ನೊಂದು ಬ್ಯಾಟರಿ ಈಗ ಬೇಡ. 12 ವೋಲ್ಟಿನ ಇನ್ವರ್ಟರ್‌ಗೆ ಹಳೆ ಬ್ಯಾಟರಿಯ ಪಕ್ಕ ಹೊಸದನ್ನು ಜೋಡಿಸಿದರೆ ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಫ್ರಿಜ್, ಟಿವಿ ಪಾಯಿಂಟ್‌ಗಳನ್ನು ಇನ್ವರ್ಟರ್ ಲೈನಿನಿಂದ ತೆಗೆಸಿ. ಮಗಳ ಕೋಣೆ, ಅತ್ತೆಯ ಕೋಣೆ, ಬಚ್ಚಲು, ಅಡುಗೆಮನೆಯ ಒಂದೊಂದು ಬಲ್ಬ್ ಮತ್ತು ಒಂದು ಪ್ಲಗ್ ಮಾತ್ರ ಅದರಲ್ಲಿರಲಿ. ಫ್ಯಾನ್ ಬೇಕೇ ಬೇಕು ಅಂದರೆ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿ, 30 ವ್ಯಾಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ಭಾನುವಾರ ಬೆಳಗ್ಗೆ, ಬ್ಯಾಟರಿ ತುಂಬಿರುವಾಗ ಮೇನ್ ಆಫ್ ಮಾಡಿ ಇಷ್ಟನ್ನೇ ಓಡಿಸಿ ಎಷ್ಟು ಗಂಟೆ ಬರುತ್ತೆ ಅಂತ ಗಡಿಯಾರ ನೋಡಿ. ಹೆರಿಗೆಗೆ ಮೊದಲೇ, ನವೆಂಬರ್‌ನಲ್ಲೇ ಮಾಡಿ. ಐದು ಗಂಟೆಯೂ ಬರದಿದ್ದರೆ ಹಳೆಯದನ್ನು ಕೊಟ್ಟು ಹೊಸ ಬ್ಯಾಟರಿ ತನ್ನಿ.

ಹಾಗೇ ಬ್ಯಾಟರಿಯ ಮೇಲಿನ ಫ್ಲೋಟ್ (ಒಳಗಿನ ನೀರಿನ ಮಟ್ಟ ತೋರಿಸುವ ಕಡ್ಡಿ) ನೋಡಿ. ಕೆಂಪು ಗೆರೆಯ ಹತ್ತಿರ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿಸಿ. ನಲ್ಲಿ ನೀರು, ಬೋರ್ ನೀರು, ಫಿಲ್ಟರ್ ನೀರು ಯಾವುದೂ ಬೇಡ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಸ್ವಚ್ಛ ಮಾಡಿಸಿ ವ್ಯಾಸಲೀನ್ ಸವರಿಸಿ. ಇಂಥ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದಕ್ಕೆ ಬಾಣಂತಿ ಕೋಣೆಯಲ್ಲಾಗಲಿ, ದೇವರ ದೀಪದ ಹತ್ತಿರವಾಗಲಿ ಇಡಬಾರದು. ಮೆಟ್ಟಿಲ ಕೆಳಗೆ, ಗಾಳಿಯಾಡುವ ಜಾಗವೇ ಸರಿ.

ಇನ್ವರ್ಟರೂ ನಿಂತರೆ? ಚಾರ್ಜ್ ಆಗುವ ಎಮರ್ಜೆನ್ಸಿ ಬಲ್ಬ್ ಎರಡು, ತಲೆಗೆ ಕಟ್ಟುವ ಟಾರ್ಚ್ ಒಂದು ಇಟ್ಟುಕೊಳ್ಳಿ. ಆ ತಲೆ ಟಾರ್ಚ್ ಎಷ್ಟು ಉಪಯೋಗ ಅಂತ ಅಪರಾತ್ರಿ ಮಗುವಿನ ಬಟ್ಟೆ ಬದಲಿಸುವಾಗ ಗೊತ್ತಾಗುತ್ತೆ, ಎರಡೂ ಕೈ ಖಾಲಿ ಇರುತ್ತದೆ. ಪವರ್ ಬ್ಯಾಂಕ್ ತುಂಬಿರಲಿ.

ಇನ್ಸುಲಿನ್ ಬಗ್ಗೆ ನಿಮ್ಮ ಚಿಂತೆ ಅರ್ಥವಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಇಲ್ಲಿ ನಿಮ್ಮ ಪರವಾಗಿಯೇ ಇದೆ. ಬಳಸುತ್ತಿರುವ ಇನ್ಸುಲಿನ್‌ಗಳಲ್ಲಿ ಹೆಚ್ಚಿನವು 25–30 ಡಿಗ್ರಿಯೊಳಗೆ ಹೊರಗಿದ್ದರೂ ನಾಲ್ಕು ವಾರ ಬರುತ್ತವೆ, ನಿಮ್ಮದರ ಲೆಕ್ಕ ಡಬ್ಬಿಯ ಚೀಟಿಯಲ್ಲಿ ಬರೆದಿರುತ್ತದೆ. ತೆರೆಯದ ಬಾಟಲಿಗಳು 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್ ಬಾಗಿಲು ಮುಚ್ಚಿಯೇ ಇಟ್ಟರೆ ನಾಲ್ಕು ಗಂಟೆ ಒಳಗಿನ ತಂಪು ನಿಲ್ಲುತ್ತದೆ. ಒಂಬತ್ತು ಗಂಟೆಗೆ ಸಾಲದು. ಒಂದು ಸ್ಟೀಲ್ ಡಬ್ಬಿಯಲ್ಲಿ ಇನ್ಸುಲಿನ್ ಹಾಕಿ, ಅದನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಸುತ್ತಿದ ಐಸ್ ಪ್ಯಾಕ್ ಪಕ್ಕದಲ್ಲಿಡಿ. ಐಸ್ ನೇರವಾಗಿ ತಾಗಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವ ಹಾಗಿಲ್ಲ.

ಫ್ರಿಜ್‌ನ ಉಳಿದ ಸಾಮಾನಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಾಲನ್ನು ಮಲಗುವ ಮೊದಲು ಇನ್ನೊಮ್ಮೆ ಕಾಯಿಸಿ. ದೋಸೆ ಹಿಟ್ಟು ಈ ಚಳಿಯಲ್ಲಿ ಹೊರಗಿದ್ದರೆ ಒಳ್ಳೆಯದೇ, ಬೆಳಗ್ಗೆಗೆ ಹದವಾಗಿ ಹುದುಗಿರುತ್ತೆ. ಮಿಕ್ಕ ಅನ್ನ, ಸಾರು, ಪಲ್ಯ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತಂಪಿಲ್ಲದೆ ಇದ್ದರೆ ಬಾಣಂತಿಗೆ ಬಡಿಸಬೇಡಿ.

ನೀರಿನದು ಸುಲಭ, ಮರೆಯದಿದ್ದರೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಅಂತ ಸುದ್ದಿ ಬಂದ ದಿನವೇ ಮೋಟರ್ ಹಾಕಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿಬಿಡಿ. 2022ರ ಡಿಸೆಂಬರ್‌ನಲ್ಲಿ ಮಾಂಡೂಸ್, 2024ರಲ್ಲಿ ಫೆಂಗಲ್, ಎರಡೂ ತಮಿಳುನಾಡು, ಪುದುಚೇರಿ ಕಡೆ ದಡ ಸೇರಿದವು. ಇಲ್ಲಿ ನಮಗೂ ಮಳೆ, ಚಳಿ ತಂದವು. ನೆಲ ನೆನೆದಾಗ ಮರ, ಕೊಂಬೆ ತಂತಿ ಮೇಲೆ ಬೀಳುತ್ತವೆ, ನೆಲದಡಿಯ ಕೇಬಲ್‌ಗೂ ನೀರು ಇಳಿಯುತ್ತದೆ. ರಿಪೇರಿ ತಡವಾಗುವುದು ಅದಕ್ಕೇ. ಒಂದು ಎಚ್‌ಪಿ ಮೋಟರ್ ಮನೆಯ ಇನ್ವರ್ಟರ್‌ನಲ್ಲಿ ಓಡುವುದಿಲ್ಲ, ಪ್ರಯತ್ನಿಸಲೂ ಬೇಡಿ. ಕತ್ತಲಲ್ಲಿ ಸಂಪಿನ ಮುಚ್ಚಳ ತೆಗೆದು ಬಗ್ಗಿ ನೀರೆತ್ತುವುದಂತೂ ಬೇಡವೇ ಬೇಡ.

ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ತೆಗೆದು ರೋಗಿಗೆ ಕೊಡುವ ಯಂತ್ರ) ಇರುವ ಮನೆಯವರಿಗೆ ಒಂದು ಮಾತು. ನಿಮಿಷಕ್ಕೆ 5 ಲೀಟರಿನ ಯಂತ್ರ 300–350 ವ್ಯಾಟ್ ಎಳೆಯುತ್ತದೆ, ಇಂಥ ಬ್ಯಾಟರಿಯಲ್ಲಿ ಮೂರು ಗಂಟೆ ಮಾತ್ರ. ತುಂಬಿದ ಸಿಲಿಂಡರ್ ಒಂದು ಮನೆಯಲ್ಲಿರಲೇಬೇಕು. ಸೂರಿನ ಮೇಲೆ ಗ್ರಿಡ್‌ಗೆ (ಬೀದಿಯ ಕರೆಂಟ್ ಲೈನಿಗೆ) ಜೋಡಿಸಿದ ಸೋಲಾರ್ ಪ್ಯಾನೆಲ್ ಇದೆ, ನಮಗೇನು ಅಂದುಕೊಂಡವರೂ ನೋಡಿಕೊಳ್ಳಿ. ಬ್ಯಾಟರಿ ಇಲ್ಲದಿದ್ದರೆ ಲೈನ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹೊಡೆಯದಿರಲಿ ಅಂತಲೇ ಹಾಗೆ ಮಾಡಿದ್ದಾರೆ. ಇದೇ ಕಾರಣಕ್ಕೆ ಬಾಡಿಗೆ ಜನರೇಟರ್ ತಂದು ಗೋಡೆಯ ಪ್ಲಗ್‌ಗೆ ಸಿಕ್ಕಿಸುವುದನ್ನು ಯಾರೂ ಮಾಡಬಾರದು. ಬೀದಿಯ ಲೈನನ್ನು ಪೂರ್ತಿ ಬಿಡಿಸಿ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಬೇಡ.

ಈಗ ಆ ಗಳಿಗೆಗೆ ಬರೋಣ. ಫಕ್ ಅಂತ ಕತ್ತಲಾಯಿತು. ಮೊದಲು ಕಿಟಕಿಯಿಂದ ಬೀದಿ ನೋಡಿ. ಪಕ್ಕದ ಮನೆಯಲ್ಲಿ ಬೆಳಕಿದ್ದರೆ ತೊಂದರೆ ನಿಮ್ಮ ಮನೆಯದ್ದೇ. ಮನೆಯ ಲೈನುಗಳೆಲ್ಲ ಸೇರುವ ಡಿಬಿ ಪೆಟ್ಟಿಗೆಯಲ್ಲಿ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್) ಅಥವಾ ಇಎಲ್‌ಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಕೆಳಗೆ ಬಿದ್ದಿರುತ್ತದೆ. ಚಳಿಗಾಲದಲ್ಲಿ ನನಗೆ ಬರುವ ಫೋನ್‌ಗಳಲ್ಲಿ ಎಷ್ಟೋ ಸಲ ಕಾರಣ ಗೀಸರ್ ಆಗಿರುತ್ತದೆ. ವರ್ಷವೆಲ್ಲ ಸುಮ್ಮನಿದ್ದ ಕಾಯಿಲ್ ನವೆಂಬರ್‌ನಲ್ಲಿ ಜೋರಾಗಿ ಓಡಲು ಶುರುವಾಗುತ್ತದೆ, ತುಕ್ಕು ಹಿಡಿದು ನೀರಿಗೆ ಕರೆಂಟ್ ಸೋರುತ್ತದೆ, ಇಎಲ್‌ಸಿಬಿ ಬೀಳುತ್ತದೆ. ಗೀಸರ್, ಸೋಲಾರ್ ಕಾಯಿಲ್ ಎರಡರ ಸ್ವಿಚ್ಚನ್ನೂ ಆಫ್ ಮಾಡಿ ಒಮ್ಮೆ ಮೇಲೆತ್ತಿ. ನಿಂತರೆ ತಪ್ಪು ಅಲ್ಲೇ ಇದೆ, ರಿಪೇರಿ ಆಗುವವರೆಗೂ ಅವನ್ನು ಮುಟ್ಟಬೇಡಿ. ಮತ್ತೆ ಬಿದ್ದರೆ ಒತ್ತಿ ಹಿಡಿದು ನಿಲ್ಲಿಸಬೇಡಿ. ಅದು ಬೀಳುವುದೇ ನಿಮ್ಮ ಜೀವ ಉಳಿಸಲು.

ಬೀದಿಯೆಲ್ಲ ಕತ್ತಲಾದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಬಿಲ್ ಮೇಲಿರುವ ಖಾತೆ ಸಂಖ್ಯೆಯನ್ನು ಈಗಲೇ ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ, ಕತ್ತಲಲ್ಲಿ ಬಿಲ್ ಹುಡುಕುವ ಕಷ್ಟ ಇರುವುದಿಲ್ಲ. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಹೊರಗೆ ಹೋಗಿ ನೋಡಿ ಬರುತ್ತೇನೆ ಅಂತ ಮನೆಯವರು ಹೊರಟರೆ ಟಾರ್ಚ್ ಕೊಟ್ಟು ಕಳಿಸಿ, ಬಿದ್ದ ತಂತಿ ಕಂಡರೆ ಹತ್ತು ಮೀಟರ್ ದೂರವೇ ನಿಲ್ಲಲಿ. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಹತ್ತಿರ, ಬೆಳಗಿನ ಜಾವ, ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ ಮತ್ತು ಅವರ ಎಳೆಯ ಮಗು ಹೋದರು. ನಸುಕಿನಲ್ಲಿ ತಂತಿ ಕಣ್ಣಿಗೆ ಬೀಳುವುದೇ ಇಲ್ಲ. ಊರೆಲ್ಲ ಕತ್ತಲಾಗಿದ್ದರೂ ಬಿದ್ದ ತಂತಿಯಲ್ಲಿ ಕರೆಂಟ್ ಇದೆ ಅಂತಲೇ ತಿಳಿಯಬೇಕು.

ಇನ್ನೊಂದು ಲಕ್ಷಣ ಬಹಳ ಜನಕ್ಕೆ ಗೊತ್ತಿಲ್ಲ. ಕರೆಂಟ್ ಪೂರ್ತಿ ಹೋಗದೆ ಒಂದು ಕೋಣೆಯ ಬಲ್ಬ್ ಕಣ್ಣು ಕುಕ್ಕುವಷ್ಟು ಉರಿದು ಇನ್ನೊಂದರಲ್ಲಿ ಮಂಕಾದರೆ, ಕಂಬದಲ್ಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಕಡಿದಿರಬಹುದು. ಆಗ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಬಂದುಬಿಡುತ್ತದೆ. ಯೋಚಿಸುತ್ತ ನಿಲ್ಲಬೇಡಿ, ಮೇನ್ ಆಫ್ ಮಾಡಿ. ಫ್ರಿಜ್, ಟಿವಿ, ಇನ್ವರ್ಟರ್ ಎಲ್ಲ ಒಂದೇ ನಿಮಿಷದಲ್ಲಿ ಸುಟ್ಟುಹೋದ ಮನೆಗಳನ್ನು ನಾನು ನೋಡಿದ್ದೇನೆ.

ಕರೆಂಟ್ ಹೋದ ಕೂಡಲೇ ಫ್ರಿಜ್, ಟಿವಿ, ಗೀಸರ್ ಸ್ವಿಚ್ ಆರಿಸಿ. ಇನ್ವರ್ಟರ್ ಲೈನಿನಲ್ಲಿಲ್ಲದ ಒಂದು ಬಲ್ಬ್‌ನ ಸ್ವಿಚ್ ಮಾತ್ರ ಹಾಕಿಟ್ಟಿರಿ, ಬಂತೋ ಇಲ್ಲವೋ ಅದೇ ಹೇಳುತ್ತದೆ. ಐದು ಗಂಟೆಗೆ ಅದು ಹತ್ತಿಕೊಂಡಿತು ಅಂದುಕೊಳ್ಳಿ. ಹತ್ತು ನಿಮಿಷ ಸುಮ್ಮನಿರಿ. ಬೆಳಕು ಮಿನುಗದೆ ನಿಂತಿದೆ ಅಂದರೆ ಮೊದಲು ಫ್ರಿಜ್, ಆಮೇಲೆ ಮೋಟರ್. ಗೀಸರ್ ಎಲ್ಲಕ್ಕಿಂತ ಕೊನೆಗೆ. ಒಂದು ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರ್) ಕೆಳಗೆ 50 ಮನೆ ಇವೆ ಅನ್ನಿ. ಎಲ್ಲರೂ ಒಟ್ಟಿಗೆ 2 ಕಿಲೋವ್ಯಾಟ್ ಗೀಸರ್ ಹಾಕಿದರೆ ಅದೊಂದೇ 100 ಕಿಲೋವ್ಯಾಟ್ ಆಗುತ್ತೆ. ಟಿಸಿ ಹೊರುವ ಶಕ್ತಿಯೇ 100 ಕೆವಿಎ ಆದರೆ ರಾತ್ರಿಯೆಲ್ಲ ನೆನೆದು ಲೈನ್‌ಮನ್ ಹಾಕಿದ ಫ್ಯೂಸ್ ಮತ್ತೆ ಹೋಗುತ್ತದೆ. ನಿಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಈಗಲೇ ಹಾಕಿಡಿ. ಮಗಳಿಗೂ ಅತ್ತೆಗೂ ಅವತ್ತಿನ ಬೆಳಗಿನ ನೀರು ಒಲೆ ಮೇಲೆ, ಅದೇ ದಬರಿಯಲ್ಲಿ ಕಾಯಲಿ.